ವಂಚನೆಯ ದೂರವಾಣಿ ಕರೆಗಳು: ಗುರುತಿಸುವ ಬಗೆ ಹಾಗೂ ಕೈಗೊಳ್ಳಬೇಕಾದ ಕ್ರಮ

ಪೊಲೀಸ್, ಸಿಬಿಐ, ಕಸ್ಟಮ್ಸ್, ದೂರಸಂಪರ್ಕ ಇಲಾಖೆ ಮುಂತಾದ ಕಚೇರಿಗಳ ಹೆಸರು ಹೇಳಿ, ದೂರವಾಣಿಯ ಮೂಲಕವೇ ಸಾರ್ವಜನಿಕರನ್ನು ಬೆದರಿಸಿ ಹಣ ಪಡೆಯುವ ವಂಚನೆಯು ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಇಂತಹ ಕರೆಗಳನ್ನು ಗುರುತಿಸಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ನೀಡಲಾಗಿದೆ.

ಕರೆಯ ಸ್ವರೂಪ

ಕರೆಯು ಸಾಮಾನ್ಯವಾಗಿ ಸಣ್ಣ ವಿಷಯದಿಂದ ಆರಂಭವಾಗುತ್ತದೆ. ತಮ್ಮ ಹೆಸರಿನ ಕೊರಿಯರ್ ಪಾರ್ಸೆಲ್‌ನಲ್ಲಿ ಮಾದಕ ವಸ್ತು ದೊರೆತಿದೆ ಎಂದೋ, ತಮ್ಮ ಆಧಾರ್ ಸಂಖ್ಯೆಯಿಂದ ಪಡೆದ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಎಂದೋ ತಿಳಿಸಲಾಗುತ್ತದೆ. ನಂತರ ಕರೆಯನ್ನು ‘ಹಿರಿಯ ಅಧಿಕಾರಿ’ಗೆ ವರ್ಗಾಯಿಸಲಾಗುತ್ತದೆ. ವೀಡಿಯೊ ಕರೆಯಲ್ಲಿ ಸಮವಸ್ತ್ರ ಧರಿಸಿದ ವ್ಯಕ್ತಿ, ಹಿಂದೆ ಇಲಾಖೆಯ ಲಾಂಛನ, ಮೊಹರುಳ್ಳ ಬಂಧನ ವಾರಂಟ್ ಕಾಣಿಸುತ್ತವೆ. ಕರೆ ಮಾಡಿದವರಿಗೆ ತಮ್ಮ ವಿಳಾಸ ಅಥವಾ ಆಧಾರ್ ಸಂಖ್ಯೆ ತಿಳಿದಿರುವುದೂ ಉಂಟು. ಇದರಿಂದ ಅವರು ಅಧಿಕಾರಿಗಳೆಂದು ರುಜುವಾತಾಗುವುದಿಲ್ಲ. ಆಧಾರ್ ಪ್ರತಿಯನ್ನು ನಾವೆಲ್ಲರೂ ಎಷ್ಟು ಕಡೆ ಕೊಟ್ಟಿರುತ್ತೇವೆ ಎಂಬುದನ್ನು ನೆನೆದರೆ ಸಾಕು.

ಕೊನೆಯಲ್ಲಿ ಎರಡು ಆದೇಶಗಳು ಬರುತ್ತವೆ: ಕರೆಯನ್ನು ಕಡಿತಗೊಳಿಸಕೂಡದು, ಮನೆಯವರಿಗೂ ವಿಷಯ ತಿಳಿಸಕೂಡದು. ಈ ಎರಡನೆಯ ಆದೇಶವೇ ವಂಚನೆಯ ಖಚಿತ ಗುರುತಾಗಿದೆ.

ಬಂಧನದ ಕುರಿತು ಕಾನೂನು

ದೂರವಾಣಿ ಅಥವಾ ವೀಡಿಯೊ ಮೂಲಕ ಬಂಧಿಸಲು ಯಾವುದೇ ಕಾನೂನಿನಲ್ಲಿ ಅವಕಾಶವಿರುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿಸುವ ಪೊಲೀಸ್ ಅಧಿಕಾರಿಯು ತನ್ನ ಹೆಸರು ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು. ಬಂಧನ ಪತ್ರಕ್ಕೆ ಕುಟುಂಬದ ಸದಸ್ಯರ ಅಥವಾ ಸ್ಥಳೀಯ ಗಣ್ಯರೊಬ್ಬರ ಸಾಕ್ಷಿ ಸಹಿ ಪಡೆಯಬೇಕು. ಬಂಧಿತ ವ್ಯಕ್ತಿಯನ್ನು ಪ್ರಯಾಣದ ಅವಧಿ ಹೊರತುಪಡಿಸಿ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಸಂಪರ್ಕಿಸುವ ಹಕ್ಕನ್ನು ಸಂವಿಧಾನದ 22ನೇ ಅನುಚ್ಛೇದವೇ ನೀಡಿದೆ. ಅಂದರೆ, ಬಂಧನದ ವಿಷಯ ಮನೆಯವರಿಗೆ ತಿಳಿಯಬೇಕೆಂದು ಕಾನೂನು ವಿಧಿಸಿದೆ. ತಿಳಿಯಕೂಡದೆಂದು ವಂಚಕನು ವಿಧಿಸುತ್ತಾನೆ. ಹಾಜರಾಗುವಂತೆ ಪೊಲೀಸರು ನೀಡುವ ನೋಟಿಸನ್ನು ವಾಟ್ಸಾಪ್ ಮೂಲಕ ಜಾರಿ ಮಾಡಿದರೆ ಅದು ಕಾನೂನುಬದ್ಧ ಜಾರಿಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಸರ್ಕಾರಕ್ಕೆ ಸಲ್ಲುವ ಹಣ

‘ಪರಿಶೀಲನೆಗಾಗಿ ತಮ್ಮ ಖಾತೆಯ ಹಣವನ್ನು ಈ ಖಾತೆಗೆ ವರ್ಗಾಯಿಸಿ, ತನಿಖೆಯ ನಂತರ ಹಿಂದಿರುಗಿಸಲಾಗುವುದು’ ಎಂಬ ಬೇಡಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಸರ್ಕಾರಕ್ಕೆ ಸಂದಾಯವಾಗುವ ಪ್ರತಿ ರೂಪಾಯಿಗೂ ಒಂದು ಲೆಕ್ಕ ಶೀರ್ಷಿಕೆ ಇರುತ್ತದೆ. ರಾಜ್ಯ ಸರ್ಕಾರಕ್ಕೆ ಸಲ್ಲುವ ಹಣವನ್ನು ಖಜಾನೆ-2ರ ಚಲನ್ ಮೂಲಕ ಪಾವತಿಸಬಹುದಾಗಿದ್ದು, ಅದಕ್ಕೆ ಚಲನ್ ಸಂಖ್ಯೆ ಇರುತ್ತದೆ. ಪರಿಶೀಲನೆಗಾಗಿ ನಾಗರಿಕರ ಉಳಿತಾಯವನ್ನು ಖಾಸಗಿ ವ್ಯಕ್ತಿಯ ಅಥವಾ ಸಂಸ್ಥೆಯ ಬ್ಯಾಂಕ್ ಖಾತೆಗೆ ಜಮಾ ಮಾಡಿಸಿಕೊಳ್ಳುವ ಪದ್ಧತಿ ಯಾವ ಇಲಾಖೆಯಲ್ಲಿಯೂ ಇಲ್ಲ. ಖಾತೆಯನ್ನು ತನಿಖೆಗೆ ಒಳಪಡಿಸಬೇಕಾದರೆ ತನಿಖಾಧಿಕಾರಿಯು ಬ್ಯಾಂಕಿಗೇ ಪತ್ರ ಬರೆಯುತ್ತಾರೆ. ಹಣವು ಇದ್ದಲ್ಲಿಯೇ ಇರುತ್ತದೆ.

ಕಡತಗಳು ನಿಧಾನವಾಗಿ ಚಲಿಸುತ್ತವೆಂಬ ಆಕ್ಷೇಪಣೆ ಸಾರ್ವಜನಿಕರಲ್ಲಿದೆ. ಅದರ ಸರಿತಪ್ಪುಗಳೇನೇ ಇರಲಿ, ಅರ್ಧ ಗಂಟೆಯಲ್ಲಿ ದೂರು, ತನಿಖೆ, ವಾರಂಟ್, ಇತ್ಯರ್ಥ ಎಲ್ಲವನ್ನೂ ಮುಗಿಸುವ ಕಚೇರಿಯನ್ನು ಅನುಮಾನಿಸಲು ಅಷ್ಟು ಅನುಭವ ಸಾಲುತ್ತದೆ.

ಇತರೆ ಕರೆಗಳು

ವಿದ್ಯುತ್ ಸಂಪರ್ಕ ಕಡಿತ, ಕೆವೈಸಿ ನವೀಕರಣ, ಹೂಡಿಕೆಯಲ್ಲಿ ಭಾರಿ ಲಾಭ ಮುಂತಾದ ಕರೆಗಳೂ ಇದೇ ಬಗೆಯವು. ಹಣ ಸ್ವೀಕರಿಸಲು ಯುಪಿಐ ಪಿನ್ ನಮೂದಿಸುವ ಅಗತ್ಯವಿರುವುದಿಲ್ಲ. ಒಟಿಪಿಯನ್ನು ಯಾರಿಗೂ ತಿಳಿಸತಕ್ಕದ್ದಲ್ಲ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಕಡತವನ್ನು ಮೊಬೈಲ್‌ನಲ್ಲಿ ಅಳವಡಿಸಿಕೊಳ್ಳಬಾರದು. ಕೇವಲ ಕಿರಿಕಿರಿ ಉಂಟುಮಾಡುವ ಜಾಹೀರಾತು ಕರೆಗಳನ್ನು ತಡೆಯಲು 1909ಕ್ಕೆ ಕರೆ ಮಾಡಿ ನೋಂದಾಯಿಸಿಕೊಳ್ಳಬಹುದು.

ಕರೆ ಬಂದಾಗ

ಕರೆಯನ್ನು ಕಡಿತಗೊಳಿಸುವುದು ಅಪರಾಧವಲ್ಲ. ಕಡಿತಗೊಳಿಸಿ, ಮನೆಯವರೊಬ್ಬರಿಗೆ ಅಥವಾ ನೆರೆಯವರಿಗೆ ನಡೆದುದನ್ನು ಹೇಳತಕ್ಕದ್ದು. ಸಂಶಯ ಉಳಿದಲ್ಲಿ ಹತ್ತಿರದ ಪೊಲೀಸ್ ಠಾಣೆಗೆ ಖುದ್ದಾಗಿ ಹೋಗಿ ವಿಚಾರಿಸಬಹುದು. ಕರೆ ಮಾಡಿದವರೇ ಕೊಟ್ಟ ಸಂಖ್ಯೆಗೆ ಮರಳಿ ಕರೆ ಮಾಡಿದಲ್ಲಿ ಪ್ರಯೋಜನವಿಲ್ಲ. ಹಣ ಕಳೆದುಕೊಳ್ಳದಿದ್ದರೂ ಕರೆಯ ವಿವರವನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ದಾಖಲಿಸಲು ಕೋರಲಾಗಿದೆ.

ಹಣ ವರ್ಗಾವಣೆಯಾಗಿದ್ದಲ್ಲಿ

ತಕ್ಷಣವೇ 1930ಕ್ಕೆ ಕರೆ ಮಾಡತಕ್ಕದ್ದು. ವಂಚಕರು ಹಣವನ್ನು ಒಂದು ಖಾತೆಯಿಂದ ಹಲವು ಖಾತೆಗಳಿಗೆ ಹಂಚಿ, ಬಳಿಕ ನಗದಾಗಿ ತೆಗೆಯುತ್ತಾರೆ. ಅಷ್ಟರೊಳಗೆ ದೂರು ದಾಖಲಾದರೆ ಸಂಬಂಧಿಸಿದ ಬ್ಯಾಂಕುಗಳು ಮೊತ್ತವನ್ನು ತಡೆಹಿಡಿಯಲು ಸಾಧ್ಯ. ಆದ್ದರಿಂದ ಮೊದಲ ಒಂದೆರಡು ಗಂಟೆಗಳೇ ಮುಖ್ಯ. ವಹಿವಾಟಿನ ಸಂಖ್ಯೆ, ಸಮಯ, ಮೊತ್ತ ಮತ್ತು ಕರೆ ಬಂದ ದೂರವಾಣಿ ಸಂಖ್ಯೆಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಸಂದೇಶಗಳನ್ನು ಅಳಿಸಬಾರದು. ತಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ಸಲ್ಲಿಸಬಹುದು.

ಮೋಸ ಹೋದವರಲ್ಲಿ ನಿವೃತ್ತ ಅಧಿಕಾರಿಗಳು, ವೈದ್ಯರು, ತಂತ್ರಜ್ಞರು ಇದ್ದಾರೆ. ಆದರೂ ಮಕ್ಕಳು ಏನನ್ನುವರೋ ಎಂಬ ಸಂಕೋಚದಿಂದ ಹಿರಿಯರು ವಿಷಯವನ್ನು ಮುಚ್ಚಿಡುತ್ತಾರೆ. ತಡೆಹಿಡಿಯಬಹುದಾಗಿದ್ದ ಹಣ ಅಷ್ಟರಲ್ಲಿ ಕೈತಪ್ಪುತ್ತದೆ. ಮನೆಯವರು ಮೊದಲು 1930ಕ್ಕೆ ಕರೆ ಮಾಡಿ, ಆಕ್ಷೇಪಣೆಗಳೇನಾದರೂ ಇದ್ದಲ್ಲಿ ನಂತರಕ್ಕೆ ಇಟ್ಟುಕೊಳ್ಳಲು ವಿನಂತಿಸಲಾಗಿದೆ.

ದೂರು ನೀಡಿದ ನಂತರ, ಕಳೆದುಹೋದ ಹಣವನ್ನು ಶುಲ್ಕ ಪಡೆದು ಮರಳಿ ಕೊಡಿಸುವುದಾಗಿ ಬೇರೊಂದು ಕರೆ ಬರುವ ಸಾಧ್ಯತೆ ಇರುತ್ತದೆ. ಅದೂ ವಂಚನೆಯ ಕರೆಯೇ ಆಗಿದ್ದು, ಅದರ ವಿವರವನ್ನು ಈಗಾಗಲೇ ನೀಡಿದ ದೂರಿನ ಸಂಖ್ಯೆಯೊಂದಿಗೆ ಠಾಣೆಗೆ ತಿಳಿಸತಕ್ಕದ್ದು.