ಬಾಡಿಗೆ ಮನೆ ಹಿಡಿಯೋ ಮುಂಚೆ, ಕೆರೆ ಎಲ್ಲಿತ್ತು ಅಂತ ಕೇಳಿ

ಇವತ್ತಿನ ಕಥೆ ಬೆಂಗಳೂರಿನ ನೆಲದ್ದು. ಆದ್ರೆ ಶುರು ಮಾಡೋದು ನಾನೇ ಮಾಡಿದ ಒಂದು ತಪ್ಪಿನಿಂದ.

2022ರಲ್ಲಿ ನಗರದ ಪೂರ್ವ ಭಾಗದಲ್ಲಿ ನೆಲಮಹಡಿಯ ಒಂದು ಮನೆ ಬಾಡಿಗೆಗೆ ಹಿಡಿದೆ. ಅಡ್ವಾನ್ಸ್ ಕಮ್ಮಿ, ಆಫೀಸು ಹತ್ತಿರ. ಮನೆ ನೋಡೋಕೆ ಹೋದಾಗ ನಲ್ಲಿ ತಿರುಗಿಸಿ ನೋಡಿದೆ, ಮೊಬೈಲ್ ಸಿಗ್ನಲ್ ನೋಡಿದೆ. ನೆಲ ನೋಡಲಿಲ್ಲ. ಆ ವರ್ಷ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬೆಳಗಿನ ಜಾವ ಮಂಚದಿಂದ ಕಾಲು ಕೆಳಗಿಟ್ಟರೆ ಮೊಣಕಾಲಿನವರೆಗೆ ನೀರು. ಸರ್ಟಿಫಿಕೇಟ್ ಇದ್ದ ಬ್ಯಾಗ್ ಒಂದನ್ನ ತಲೆ ಮೇಲೆ ಇಟ್ಕೊಂಡು ಮೆಟ್ಟಿಲು ಹತ್ತಿದೆ. ಅಲ್ಲಿ ಕೂತಿದ್ದ ಪಕ್ಕದ ಮನೆ ಅಜ್ಜಿ, ಅದೇ ಊರಿನ ಹಳಬರು, ಹೇಳಿದ್ರು: "ಇಲ್ಲಿ ಗದ್ದೆ ಇತ್ತು ಕಣಪ್ಪ. ಮೇಲ್ಗಡೆ ಕೆರೆ. ಕೋಡಿ ಬಿದ್ರೆ ನೀರು ಹರೀತಿದ್ದಿದ್ದೇ ಈ ದಾರೀಲಿ."

ನಾನು ತುಮಕೂರು ಕಡೆ ಹಳ್ಳಿಯವನು. ಕೆರೆ ಕೋಡಿ ಬಿದ್ದ ದಿನ ಊರೇ ಏರಿ ಮೇಲೆ ಸೇರಿ ಗಂಗೆಗೆ ಪೂಜೆ ಮಾಡೋದನ್ನ ನೋಡಿ ಬೆಳೆದವನು. ಅಂಥವನು ಕೋಡಿ ನೀರು ಹೋಗೋ ಜಾಗದಲ್ಲೇ ಹಾಸಿಗೆ ಹಾಸ್ಕೊಂಡಿದ್ದೆ! ಶಾಲೆಯಲ್ಲಿ ಭೂಗೋಳ ಅಂದ್ರೆ ನಮಗೆ ನದಿಗಳ ಹೆಸರು, ರಾಜಧಾನಿಗಳ ಪಟ್ಟಿ. ನಾವು ನಿಂತಿರೋ ನೆಲ ಯಾವ ಕಡೆ ವಾಲಿದೆ ಅಂತ ಯಾರೂ ಕೇಳಿರಲಿಲ್ಲ. ಆ ಪಾಠವನ್ನ ನಾನು ಓದಿದ್ದು ಆಮೇಲೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹತ್ತಿರದಲ್ಲಿ ವರ್ಷವಿಡೀ ಹರಿಯೋ ದೊಡ್ಡ ನದಿ ಇಲ್ಲ. ನಗರದ ನಡುವೆ ಒಂದು ದಿಣ್ಣೆ ಹಾದು ಹೋಗುತ್ತೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿ ಮೂಲಕ ಕಾವೇರಿಗೆ ಹೋಗುತ್ತೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಕೆಳಗೆ ಗಟ್ಟಿ ಕಲ್ಲು. ಬಿದ್ದ ನೀರು ಬೇಗ ಇಂಗೋದಿಲ್ಲ, ಓಡಿಹೋಗುತ್ತೆ.

ಹಿಂದಿನವರು ಇದನ್ನ ಅರ್ಥ ಮಾಡ್ಕೊಂಡಿದ್ರು. ಓಡೋ ನೀರಿಗೆ ಅಡ್ಡ ಏರಿ ಕಟ್ಟಿ ಕೆರೆ ಮಾಡಿದ್ರು. ಒಂದು ತುಂಬಿದರೆ ಕೋಡಿ ಬಿದ್ದು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ. ಸರದ ಮಣಿಗಳ ಹಾಗೆ. 1537ರ ಸುಮಾರಿಗೆ ಕೆಂಪೇಗೌಡರು ಕೋಟೆ-ಪೇಟೆ ಕಟ್ಟೋಕೆ ಮುಂಚೆಯೂ ಈ ಭಾಗದಲ್ಲಿ ಕೆರೆಗಳಿದ್ದವು, ಆಮೇಲೂ ಕಟ್ಟಿದರು. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರ... ಈ 'ಸಂದ್ರ' ಅಂದ್ರೆ ಸಮುದ್ರ, ಅಂದ್ರೆ ದೊಡ್ಡ ಕೆರೆ. ಬಸ್ಸಿನ ಬೋರ್ಡ್ ಓದಿದ್ರೂ ಸಾಕು, ಅರ್ಧ ಭೂಗೋಳ ಸಿಗುತ್ತೆ.

ಹಾಗಂತ ಹಳೇ ಕಾಲವೇ ಚೆಂದ ಅಂತ ನಾನು ಹೇಳ್ತಿಲ್ಲ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು ನೀರಗಂಟಿಗಳು. ಅನೇಕ ಊರುಗಳಲ್ಲಿ ಈ ಕೆಲಸ ಮಾಡ್ತಿದ್ದದ್ದು ದಲಿತ ಕುಟುಂಬಗಳು. ಊರಿನ ನೀರಿನ ಲೆಕ್ಕ ಅವರ ಕೈಲಿತ್ತು, ಆದ್ರೆ ಅಚ್ಚುಕಟ್ಟಿನ ಒಳ್ಳೆ ಜಮೀನು ಬೇರೆಯವರದ್ದು. ನೀರು ಎಲ್ಲಿ ಹರಿಯುತ್ತೆ ಅಂತ ಇಳಿಜಾರು ಹೇಳುತ್ತೆ. ಯಾರಿಗೆ ಸಿಗುತ್ತೆ ಅಂತ ಹೇಳೋದು ಸಮಾಜ.

ಕೆರೆಗಳ ಮೇಲಿನ ಅವಲಂಬನೆ ಹೇಗೆ ಕಡಿಮೆಯಾಯಿತು? 1870ರ ದಶಕದ ಭೀಕರ ಬರ, ಬೆಳೆಯುತ್ತಿದ್ದ ಜನಸಂಖ್ಯೆ, ಕೊಳೆಯಾದ ನೀರು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆ ಪಂಪ್ ಮಾಡಿದ ನೀರು. ದೂರದ ನೀರು ಮನೆಯ ನಲ್ಲಿಗೆ ಬಂದ ಮೇಲೆ ಪಕ್ಕದ ಕೆರೆ 'ಖಾಲಿ ಜಾಗ'ದ ಥರ ಕಾಣೋಕೆ ಶುರುವಾಯ್ತು. ಸೊಳ್ಳೆ, ಮಲೇರಿಯಾ ಅನ್ನೋ ಭಯವೂ ಸೇರ್ಕೊಳ್ತು. ಧರ್ಮಾಂಬುಧಿ ಕೆರೆ ಇದ್ದ ಕಡೆ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಸಂಪಂಗಿ ಕೆರೆಯ ಒಂದು ಚಿಕ್ಕ ತುಂಡು ಮಾತ್ರ ಉಳಿದಿದೆ. ಅದು ಉಳಿದದ್ದಕ್ಕೆ ಕರಗದ ಆಚರಣೆ ಒಂದು ಕಾರಣ. ಕರಗ ಹೊರುವ ತಿಗಳರು ಈ ನಗರಕ್ಕೆ ಹೂವು-ತರಕಾರಿ ಬೆಳೆದುಕೊಟ್ಟ ತೋಟಗಾರರು.

1980ರ ದಶಕದಲ್ಲಿ ಲಕ್ಷ್ಮಣ ರಾವ್ ಸಮಿತಿ, ಉಳಿದಿರೋ ಕೆರೆಗಳನ್ನಾದ್ರೂ ಕಾಪಾಡಿ ಅಂತ ಸರ್ಕಾರಕ್ಕೆ ವರದಿ ಕೊಟ್ಟಿತು. ಆದ್ರೆ ನಗರ ಕೆರೆಗಳ ಕಡೆಗೇ ಬೆಳೀತಾ ಹೋಯ್ತು. ರಾಜಕಾಲುವೆಗಳು ಕಿರಿದಾಗಿ ಚರಂಡಿಗಳಾದವು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, ಬೆಂಕಿಯೂ ಹತ್ತಿದ್ದನ್ನ ನೀವು ವಿಡಿಯೋದಲ್ಲಿ ನೋಡಿರ್ತೀರ.

ಈಗ ಎರಡು ದೃಶ್ಯ ಪಕ್ಕಪಕ್ಕ ಇಡ್ತೀನಿ. ಸೆಪ್ಟೆಂಬರ್ 2022: ಸರ್ಜಾಪುರ ರಸ್ತೆಯ ವಿಲ್ಲಾಗಳ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದ್ರು. ಮಾರ್ಚ್ 2024: ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯೋ ಸರದಿ. ನಡುವೆ ಬರೀ ಹದಿನೆಂಟು ತಿಂಗಳು. ನೆರೆ ಬೇರೆ, ಬರ ಬೇರೆ ಅನ್ಕೊಂಡಿದ್ದೆ. ನಕ್ಷೆ ಇಟ್ಕೊಂಡು ನೋಡಿದ್ರೆ ಎರಡರ ಹಿಂದೆಯೂ ಒಂದೇ ಕಥೆ ಇದೆ: ಬಂದ ನೀರನ್ನ ಹಿಡಿದಿಡೋ ಜಾಗ ನಾವು ಉಳಿಸಿಲ್ಲ.

ವಿಲ್ಲಾದವರು ಕೆಲವು ದಿನ ಹೋಟೆಲಿಗೆ ಹೋದ್ರು. ಅದೇ ತಗ್ಗಿನ ತಗಡಿನ ಶೆಡ್‌ಗಳಲ್ಲಿದ್ದ ಕೂಲಿ ಕುಟುಂಬಗಳಿಗೆ ಆ ದಾರಿ ಇರಲಿಲ್ಲ. ನೀರು ಇಬ್ಬರ ಮನೆಗೂ ನುಗ್ಗಿತು, ಹೊರಗೆ ಬರೋ ದಾರಿ ಮಾತ್ರ ಒಂದೇ ಇರಲಿಲ್ಲ. ಇನ್ನು ನಾವು ಬಳಸಿ ಬಿಟ್ಟ ನೀರು? ಅದೂ ಇಳಿಜಾರಲ್ಲೇ ಹೋಗುತ್ತೆ. ವೃಷಭಾವತಿಯ ಕೊಳಚೆ ಬಿಡದಿ ಹತ್ತಿರದ ಬೈರಮಂಗಲ ಜಲಾಶಯ ಸೇರುತ್ತೆ, ಅಲ್ಲಿನ ರೈತರು ಅದರಲ್ಲೇ ಬೇಸಾಯ ಮಾಡಬೇಕು. ಪೂರ್ವದಲ್ಲಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಿದೆ. ಬತ್ತಿದ್ದ ಕೆರೆಗಳಲ್ಲಿ ನೀರು ಕಂಡ ಖುಷಿಯೂ ಅಲ್ಲಿದೆ, ಆ ನೀರು ಎಷ್ಟು ಶುದ್ಧ ಅನ್ನೋ ಜಗಳವೂ ಇದೆ.

ಆಮೇಲೆ ನಾನು ಮನೆ ಬದಲಾಯಿಸಿದೆ. ಈ ಸಲ ಹೋಗೋ ಮುಂಚೆ ಫೋನಲ್ಲೇ ಸ್ಯಾಟಲೈಟ್ ನಕ್ಷೆ ತೆಗೆದು, ವರ್ಷ ಹಿಂದೆ ಹಿಂದೆ ಸರಿಸಿ ನೋಡಿದೆ. ರಸ್ತೆ ಎಲ್ಲಿ ಇಳಿಯುತ್ತೆ ಅಂತ ನಡೆದು ನೋಡಿದೆ. ಮೂಲೆಯ ಅಂಗಡಿಯಲ್ಲಿದ್ದ ಹಿರಿಯರನ್ನ ಕೇಳಿದೆ: "ಯಜಮಾನ್ರೇ, ಇಲ್ಲಿ ಮೊದಲು ಏನಿತ್ತು?" ಅವರು ನಕ್ಕು, "ರಾಗಿ ಹೊಲ. ದಿಣ್ಣೆ ಮೇಲಿದ್ದೀಯ, ಹೆದರಬೇಡ" ಅಂದ್ರು.

ನಾನು ಹೆದರದೆ ಮಲಗ್ತೀನಿ. ಆದ್ರೆ ನಾನು ಬಿಟ್ಟು ಬಂದ ಮನೆಗೆ ತಿಂಗಳೊಳಗೆ ಬೇರೆ ಹುಡುಗರು ಬಂದ್ರು, ಗೋಡೆಗೆ ಹೊಸ ಬಣ್ಣ ಬಳಿದಿತ್ತು. ನೀರಿನ ಗುರುತು ಕಾಣ್ತಿರಲಿಲ್ಲ. ನಾನು ಅವರಿಗೆ ಹೇಳಿದೆ. ಅಡ್ವಾನ್ಸ್ ಕೊಟ್ಟಾಗಿತ್ತು, ಬೇರೆ ಕಡೆ ಬಾಡಿಗೆ ಜಾಸ್ತಿ. ಅವರು ಅಲ್ಲೇ ಉಳಿದ್ರು.

ನಿಮ್ಮ ಮನೆ ಇರೋ ಜಾಗದಲ್ಲಿ ಮೊದಲು ಏನಿತ್ತು? ಇವತ್ತು ಮನೆಗೆ ಹೋಗುವಾಗ ಒಬ್ಬ ಹಿರಿಯರನ್ನ ಕೇಳಿ ನೋಡಿ. ಸಿಕ್ಕ ಉತ್ತರ ನಮಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.