ಸಾಮಾನ್ಯ ಚಿಕಿತ್ಸೆಗೆ ಬಗ್ಗದ ರುಮಟಾಯ್ಡ್ ಸಂಧಿವಾತ: ಔಷಧೋಪಚಾರದ ಮಾಹಿತಿ

ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ಭಾಗದ, ವಿಶೇಷವಾಗಿ ಆರ್.ಎಚ್. ಕ್ಯಾಂಪ್‌ಗಳ ನಿವಾಸಿಗಳ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಭತ್ತದ ನಾಟಿಯಿಂದ ಬರುವ ಮೈಕೈ ನೋವು ಸಾಮಾನ್ಯವಾಗಿ ವಿಶ್ರಾಂತಿಯಿಂದ ಇಳಿಯುತ್ತದೆ. ರುಮಟಾಯ್ಡ್ ಸಂಧಿವಾತ ಹಾಗಲ್ಲ. ಇದರಲ್ಲಿ ಶರೀರದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಿಗ್ಗೆ ಎದ್ದ ಮೇಲೆ ಬಹಳ ಹೊತ್ತು ಬಿಗಿತವಿರುತ್ತದೆ.

ಇದಕ್ಕೆ ಮೊದಲ ಔಷಧ ಮೆಥೋಟ್ರೆಕ್ಸೇಟ್. ಈ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ತಪ್ಪಿ ದಿನವೂ ಸೇವಿಸಿದಲ್ಲಿ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣಾಪಾಯ ಸಂಭವಿಸಬಹುದು. ಮನೆಯಲ್ಲಿ ಬಂಗಾಳಿ ಮಾತನಾಡುವ ಹಿರಿಯರಿದ್ದಲ್ಲಿ, ಸೇವಿಸಬೇಕಾದ ವಾರದ ಹೆಸರನ್ನು ಅವರು ಓದಬಲ್ಲ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳುವುದು ಸೂಕ್ತ. ಇದರ ಗುಣ ಕಾಣಲು 6ರಿಂದ 12 ವಾರ ಬೇಕಾಗುತ್ತದೆ. ಹದಿನೈದು ದಿನಕ್ಕೆ ಬಿಟ್ಟವರ ಕಾಯಿಲೆಯನ್ನು ಔಷಧಕ್ಕೆ ಬಗ್ಗದ್ದು ಎನ್ನಲಾಗದು. ಗರ್ಭಿಣಿಯರು ಹಾಗೂ ಗರ್ಭ ಧರಿಸಲು ಇಚ್ಛಿಸುವವರು ಇದನ್ನು ಸೇವಿಸಬಾರದು.

ಸರಿಯಾದ ಪ್ರಮಾಣದಲ್ಲಿ ಸೇವಿಸಿಯೂ 3 ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ತಜ್ಞರು ಚಿಕಿತ್ಸೆಯನ್ನು ಬದಲಿಸುತ್ತಾರೆ. ಮೆಥೋಟ್ರೆಕ್ಸೇಟ್ ಜೊತೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸುವುದು ಒಂದು ಮಾರ್ಗ. ಈ ಅಗ್ಗದ ಮೂರು ಮಾತ್ರೆಗಳ ಚಿಕಿತ್ಸೆಯು ದುಬಾರಿ ಎಟನರ್ಸೆಪ್ಟ್ ಚುಚ್ಚುಮದ್ದಿಗಿಂತ ಕಡಿಮೆಯದಲ್ಲವೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಇದೂ ಸಾಲದಾದಾಗ ಅಡಾಲಿಮುಮಾಬ್, ಎಟನರ್ಸೆಪ್ಟ್, ರಿಟುಕ್ಸಿಮಾಬ್‌ನಂತಹ ಜೈವಿಕ ಔಷಧಗಳು ಅಥವಾ ಟೋಫಾಸಿಟಿನಿಬ್ ಮಾತ್ರೆ ಪರಿಗಣನೆಗೆ ಬರುತ್ತವೆ. ಹೃದ್ರೋಗವುಳ್ಳವರಿಗೆ, ಧೂಮಪಾನಿಗಳಿಗೆ ಹಾಗೂ 65 ವರ್ಷ ಮೀರಿದವರಿಗೆ ಟೋಫಾಸಿಟಿನಿಬ್ ಕೊಡುವಲ್ಲಿ ವಿಶೇಷ ಎಚ್ಚರ ಅಗತ್ಯ.

ಇವುಗಳನ್ನು ಆರಂಭಿಸುವ ಮುನ್ನ ಕ್ಷಯ ಹಾಗೂ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯವೆಂದೇ ತಿಳಿಯತಕ್ಕದ್ದು. ದೇಹದಲ್ಲಿ ಅಡಗಿರುವ ಕ್ಷಯರೋಗವನ್ನು, ಮುಖ್ಯವಾಗಿ ಅಡಾಲಿಮುಮಾಬ್ ವರ್ಗದ ಚುಚ್ಚುಮದ್ದುಗಳು, ಎಬ್ಬಿಸಬಲ್ಲವು. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಾಗಿದ್ದಲ್ಲಿ ವೈದ್ಯರಿಗೆ ಮುಚ್ಚಿಡಬಾರದು. ಅಡಗಿದ ಸೋಂಕು ಕಂಡುಬಂದರೆ ಅದಕ್ಕೆ ಕನಿಷ್ಠ ಒಂದು ತಿಂಗಳು ಔಷಧ ಪಡೆದ ನಂತರವೇ ಚುಚ್ಚುಮದ್ದು ಆರಂಭವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಚಿಕಿತ್ಸೆ ಉಚಿತ.

ತಾಲ್ಲೂಕು ಆಸ್ಪತ್ರೆಯಿಂದ ತಜ್ಞರ ಬಳಿಗೆ ಹೋಗುವವರು ಹಿಂದಿನ ಔಷಧ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಗೆ ಒಯ್ಯುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುವುದೇ ಎಂಬುದನ್ನು ಔಷಧ ಖರೀದಿಸುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸುವುದು. ಚಿಕಿತ್ಸೆಯ ಅವಧಿಯಲ್ಲಿ ಜ್ವರ ಅಥವಾ ಎರಡು ವಾರ ಮೀರಿದ ಕೆಮ್ಮು ಕಾಣಿಸಿದಲ್ಲಿ ಮುಂದಿನ ಚುಚ್ಚುಮದ್ದಿಗೆ ಮೊದಲೇ ವೈದ್ಯರನ್ನು ಕಾಣತಕ್ಕದ್ದು.