ಮಠವಿಲ್ಲದ ಸನ್ಯಾಸಿ: ಹೈದರಾಬಾದ್ ವಿಮೋಚನೆಯಲ್ಲಿ ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವ

ಹೈದರಾಬಾದ್ ವಿಮೋಚನಾ ಚಳವಳಿಯ ಬಗೆಗಿನ ಬರವಣಿಗೆಯಲ್ಲಿ ಸ್ವಾಮಿ ರಾಮಾನಂದ ತೀರ್ಥರ ಸನ್ಯಾಸ ಸಾಮಾನ್ಯವಾಗಿ ಒಂದು ಗೌರವದ ವಿಶೇಷಣವಾಗಿ ಬಂದು ಹೋಗುತ್ತದೆ. ಸತ್ಯಾಗ್ರಹ, ಸೆರೆವಾಸ, ಪೊಲೀಸ್ ಕಾರ್ಯಾಚರಣೆಗಳ ವಿವರ ಮುಗಿದ ಮೇಲೆ ‘ಅವರು ತ್ಯಾಗಮಯಿ’ ಎಂಬ ಮಾತು ಸೇರುತ್ತದೆ, ಅಷ್ಟೇ. ಮುಸ್ಲಿಂ ಅರಸನಿದ್ದ, ಬಹುಪಾಲು ಹಿಂದೂ ಪ್ರಜೆಗಳಿದ್ದ ಸಂಸ್ಥಾನದಲ್ಲಿ ಕಾವಿಧಾರಿಯೊಬ್ಬರು ಜಾತ್ಯತೀತ ಚಳವಳಿಯ ಮುಂದಾಳಾದದ್ದು ಅಷ್ಟು ಸಲೀಸಾದ ಸಂಗತಿಯಲ್ಲ. ಅದು ಹೇಗೆ ಸಾಧ್ಯವಾಯಿತು, ಎಲ್ಲಿ ಸೋತಿತು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಸ್ವಾಮೀಜಿಯ ಪೂರ್ವಾಶ್ರಮದ ಹೆಸರು ವ್ಯಂಕಟೇಶ ಖೇಡಗೀಕರ. ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. 1920ರಲ್ಲಿ ತಿಲಕರು ತೀರಿಕೊಂಡಾಗ ಹದಿಹರೆಯದ ಈ ಹುಡುಗ ಬ್ರಹ್ಮಚರ್ಯ ಮತ್ತು ದೇಶಸೇವೆಯ ಸಂಕಲ್ಪ ಮಾಡಿದ. ಸನ್ಯಾಸಕ್ಕೆ ಮೊದಲು ಅವರು ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆ ಕೆಲಸ ಮಾಡಿದ್ದರು. ಅಂದರೆ ಕಾವಿ ಉಡುವ ಮೊದಲೇ ಅವರಿಗೆ ಕೂಲಿ, ಮುಷ್ಕರ, ಸಂಘಟನೆಗಳ ಪರಿಚಯವಿತ್ತು. ಆಮೇಲೆ ನಿಜಾಮ ಸೀಮೆಯ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಿಯ ರಾಷ್ಟ್ರೀಯ ಶಾಲೆಗೆ ಬಂದರು. 1930ರ ಸುಮಾರಿಗೆ ದೀಕ್ಷೆ ಪಡೆದು ರಾಮಾನಂದ ತೀರ್ಥರಾದರು. 1935ರಲ್ಲಿ ಅಂಬಾಜೋಗಾಯಿಗೆ ಹೋದಾಗಲೂ ಮಾಡಿದ್ದು ಮೇಷ್ಟರ ಕೆಲಸವನ್ನೇ. ಅವರ ಬೆನ್ನಿಗೆ ಪೀಠವಿರಲಿಲ್ಲ, ಉಂಬಳಿಯಿರಲಿಲ್ಲ, ಕಾಣಿಕೆ ಒಪ್ಪಿಸುವ ಭಕ್ತ ಮನೆತನಗಳಿರಲಿಲ್ಲ. ಅವರ ಸುತ್ತ ಸೇರಿದ್ದು ಶಾಲೆಯ ಸಹೋದ್ಯೋಗಿಗಳು, ವಿದ್ಯಾರ್ಥಿಗಳು.

ಇಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ನೆನೆಯಬೇಕು. ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಅವರ ಶಾಲೆಯ ಕತೆ ಬೀದರ ಸೀಮೆಯಲ್ಲಿ ಮನೆಮಾತು. ಪಟ್ಟದ್ದೇವರು ಮಠದ ಆಸರೆಯಲ್ಲಿ ಭಾಷೆಯನ್ನು ಕಾಯ್ದರು. ಮಠದ ಹಂಗಿಲ್ಲದ ರಾಮಾನಂದ ತೀರ್ಥರು ತೆಲುಗು, ಮರಾಠಿ, ಕನ್ನಡ ಎಂಬ ಮೂರು ಭಾಷೆಗಳ ನಡುವೆ ಓಡಾಡಿದರು. ಒಂದೇ ರಾಜ್ಯದ ಇಬ್ಬರು ಸನ್ಯಾಸಿಗಳ ಈ ಎರಡು ಹಾದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಕಾಲದ ಧಾರ್ಮಿಕ ಬದುಕಿನ ಸಾಧ್ಯತೆಗಳು ಚೆನ್ನಾಗಿ ತಿಳಿಯುತ್ತವೆ.

ಸುಮಾರು 82 ಸಾವಿರ ಚದರ ಮೈಲಿಯ, 16 ಜಿಲ್ಲೆಗಳ ಆ ಸಂಸ್ಥಾನದಲ್ಲಿ ಸಭೆ ಸೇರಬೇಕಾದರೂ ಸರಕಾರದ ಅಪ್ಪಣೆ ಬೇಕಿತ್ತು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಅದಕ್ಕೆಂದೇ ಇತ್ತು. ಹಾಗಾಗಿ ರಾಜಕೀಯವು ಭಾಷಾ ಪರಿಷತ್ತುಗಳ ವೇಷದಲ್ಲಿ ಬೆಳೆಯಿತು. ತೆಲುಗರ ಆಂಧ್ರ ಮಹಾಸಭೆ 1930ರಲ್ಲಿ ಜೋಗಿಪೇಟೆಯಲ್ಲಿ ಸೇರಿತು. ಮರಾಠಿಗರ ಪರಿಷತ್ತು 1937ರಲ್ಲಿ ಪರತೂರಿನಲ್ಲಿ, ಕನ್ನಡಿಗರದು ಅದೇ ವರ್ಷ ಬೀದರಿನಲ್ಲಿ. ಮೂರನ್ನೂ ಕೂಡಿಸುವ ವೇದಿಕೆಯಾಗಿ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟಬೇಕಿತ್ತು. ಅದು ಕಣ್ಣುಬಿಡುವ ಮೊದಲೇ, ಸೆಪ್ಟೆಂಬರ್ 7ರಂದು, ಸರಕಾರ ನಿಷೇಧ ಹೇರಿತು. ಕೋಮುವಾದಿ ಸಂಸ್ಥೆ ಎಂಬುದು ಆರೋಪ.

ಅಕ್ಟೋಬರ್ 24ರಂದು ಗೋವಿಂದರಾವ್ ನಾನಲ್, ಜನಾರ್ದನರಾವ್ ದೇಸಾಯಿ, ರಾವಿ ನಾರಾಯಣ ರೆಡ್ಡಿ ಮೊದಲಾದವರ ಮೊದಲ ತಂಡ ಸತ್ಯಾಗ್ರಹ ಮಾಡಿತು. ಸ್ವಾಮೀಜಿಯೂ ಜೈಲು ಸೇರಿದರು. ತೊಡಕು ಬಂದದ್ದು ಇಲ್ಲಿ. ಅದೇ ಹೊತ್ತಿಗೆ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭೆಗಳೂ ಧಾರ್ಮಿಕ ಹಕ್ಕುಗಳಿಗಾಗಿ ಸತ್ಯಾಗ್ರಹ ಹೂಡಿದ್ದವು. ನೋಡುವವರ ಕಣ್ಣಿಗೆ ಎರಡೂ ಒಂದೇ ಆಗಿ, ಸರಕಾರದ ಆರೋಪಕ್ಕೆ ಪುಷ್ಟಿ ಸಿಕ್ಕಂತಾಯಿತು. ಡಿಸೆಂಬರ್‌ನಲ್ಲಿ ಗಾಂಧೀಜಿಯ ಸಲಹೆಯಂತೆ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹವನ್ನು ನಿಲ್ಲಿಸಿತು. ಸಂಸ್ಥಾನದೊಳಗಿನ ಕಾರ್ಯಕರ್ತರಿಗೆ ಇದು ನುಂಗಲಾರದ ತುತ್ತು. ಆದರೂ ಸ್ವಾಮೀಜಿ ಧಾರ್ಮಿಕ ಸತ್ಯಾಗ್ರಹದ ಕಡೆಗೆ ವಾಲಲಿಲ್ಲ. ಕಾವಿಯುಟ್ಟವರಿಗೆ ಆ ಕಡೆ ಸ್ವಾಗತವೂ ಜನಪ್ರಿಯತೆಯೂ ತಾನಾಗಿ ಒದಗುತ್ತಿದ್ದ ಕಾಲ ಅದು. ಅವರು ಕೇಳುತ್ತ ಬಂದದ್ದು ಜವಾಬ್ದಾರಿ ಸರಕಾರವನ್ನು, ಹಿಂದೂ ರಾಜ್ಯವನ್ನಲ್ಲ. ಅವರ ಬದುಕಿನ ನಿರ್ಣಾಯಕ ಆಯ್ಕೆ ಇದು ಎಂದು ನನ್ನ ಅಭಿಪ್ರಾಯ. 1948ರ ಗೆಲುವಿಗಿಂತ ಹೆಚ್ಚಿನ ತೂಕ ಇದಕ್ಕಿದೆ.

1940ರಲ್ಲಿ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಸೆರೆ. 1942ರಲ್ಲಿ ಮುಂಬಯಿಯ ಕಾಂಗ್ರೆಸ್ ಸಭೆಯಿಂದ ಮರಳುತ್ತಿದ್ದಂತೆ ಇನ್ನೊಮ್ಮೆ. 1946ರಲ್ಲಿ ನಿಷೇಧ ತೆರವಾಯಿತು. ಅಧ್ಯಕ್ಷ ಸ್ಥಾನದ ಚುನಾವಣೆಯಲ್ಲಿ ಅವರು ಬೂರ್ಗುಲ ರಾಮಕೃಷ್ಣರಾಯರನ್ನು ತೀರ ಕಡಿಮೆ ಅಂತರದಿಂದ ಸೋಲಿಸಿದರು. ಬೂರ್ಗುಲರ ಸೌಮ್ಯವಾದಿ ವಕೀಲರ ಬಣ ಒಂದು ಕಡೆ, ಗೋವಿಂದಭಾಯಿ ಶ್ರಾಫರಂಥ ಎಡಒಲವಿನ ತರುಣರು ಇನ್ನೊಂದು ಕಡೆ. ಸ್ವಾಮೀಜಿ ತರುಣರ ಪಾಲಿಗೆ ನಿಂತರು. 1947ರ ಆಗಸ್ಟ್ 7ನ್ನು ಭಾರತ ಒಕ್ಕೂಟ ಸೇರುವ ದಿನವೆಂದು ಆಚರಿಸಲಾಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಆಗಸ್ಟ್ 15ರಂದು ಅವರು ಬಂಧಿತರಾಗಿದ್ದರು. ನವೆಂಬರ್ 29ರಂದು ನಿಜಾಮ ಭಾರತದೊಡನೆ ಮಾಡಿಕೊಂಡ ಯಥಾಸ್ಥಿತಿ ಒಪ್ಪಂದದ ಬೆನ್ನಿಗೆ ಬಿಡುಗಡೆಯಾಗಿ, 1948ರ ಜನವರಿಯಲ್ಲಿ ಮತ್ತೆ ಒಳಗೆ. ಭಾರತದ ಪೊಲೀಸ್ ಕಾರ್ಯಾಚರಣೆಗೆ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಮೇಲಷ್ಟೇ ಹೊರಬಂದರು.

ಈ ನಡುವೆ ಮುಂಡರಗಿಯಂಥ ಗಡಿ ಊರುಗಳಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳು ಎದ್ದಿದ್ದವು. ಅಳವಂಡಿ ಶಿವಮೂರ್ತಿಸ್ವಾಮಿ ಇನಾಮದಾರರಂಥವರು ನಿಜಾಮನ ಪರವಾದ ಸಶಸ್ತ್ರ ಸ್ವಯಂಸೇವಕರಾದ ರಜಾಕಾರರ ವಿರುದ್ಧ ಬಂದೂಕು ಹಿಡಿದ ತರುಣರನ್ನು ಕಟ್ಟಿಕೊಂಡು ಹೋರಾಡಿದರು. ಗಾಂಧಿವಾದಿ ಸನ್ಯಾಸಿಯ ಸಂಘಟನೆಯೇ ಶಸ್ತ್ರ ಹಿಡಿದ ಈ ಸಂದರ್ಭವನ್ನು ಅಭಿಮಾನದ ಚರಿತ್ರೆಗಳು ಮೆಲ್ಲಗೆ ದಾಟುತ್ತವೆ. ದಾಟಬೇಕಿಲ್ಲ. ರಜಾಕಾರರ ದಾಳಿ ಹಳ್ಳಿಗಳನ್ನು ಸುಡುತ್ತಿದ್ದಾಗ ಅಹಿಂಸೆ ಆ ಹೋರಾಟಗಾರರಿಗೆ ಸೂತ್ರವಾಗಿ ಉಳಿಯುವುದು ಕಷ್ಟವಿತ್ತು ಎಂದು ಒಪ್ಪಿಕೊಂಡರೆ ಸ್ವಾಮೀಜಿಯ ಘನತೆಗೇನೂ ಕುಂದಿಲ್ಲ.

ಸಂಸ್ಥಾನ ಭಾರತದಲ್ಲಿ ವಿಲೀನವಾದ ನಂತರ ಸ್ವಾಮೀಜಿಯ ಮಿತಿಗಳು ಬಯಲಾದವು. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾನೂನು ಬಂತು. ಪಕ್ಷದ ಒಳಜಗಳದಲ್ಲಿ ಮಾತ್ರ ಸ್ವಾಮೀಜಿಯ ಬಣ ಸೊರಗಿತು. 1952ರಲ್ಲಿ ಮುಖ್ಯಮಂತ್ರಿಯಾದವರು ಬೂರ್ಗುಲ. ಅಧಿಕಾರ ಬೇಡವೆನ್ನುವ ವೈರಾಗ್ಯ ಚಳವಳಿಯಲ್ಲಿ ಬಲವಾಗಿತ್ತು, ಸರಕಾರ ನಡೆಸುವ ಹೊತ್ತಿನಲ್ಲಿ ಅದೇ ಸ್ವಾಮೀಜಿಯನ್ನು ಬದಿಗೆ ಸರಿಸಿತು. ಆ ವರ್ಷ ಅವರು ಕಲಬುರಗಿಯಿಂದ ಲೋಕಸಭೆಗೆ ಗೆದ್ದರು. 1957ರಲ್ಲಿ ಸ್ವಾಮೀಜಿ ಔರಂಗಾಬಾದಿನ ಸಂಸದರಾದರು.

ಆ ಎರಡು ಚುನಾವಣೆಗಳ ನಡುವೆ, 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಇಲ್ಲವಾಗಿತ್ತು. ತಾವು ಬಿಡಿಸಿದ ನಾಡನ್ನು ಭಾಷಾವಾರು ಮೂರು ಪಾಲು ಮಾಡಬೇಕೆಂದು ಸ್ವತಃ ಸ್ವಾಮೀಜಿಯೇ ಒತ್ತಾಯಿಸಿದ್ದರು. ಬೀದರ, ಕಲಬುರಗಿ, ರಾಯಚೂರು ಕನ್ನಡ ನಾಡಿಗೆ ಸೇರಿದ್ದರ ಹಿಂದೆ ಈ ಒತ್ತಾಯವೂ ಇದೆ.

ಅವರು ಹೈದರಾಬಾದಿನಲ್ಲಿ 1972ರ ಜನವರಿ 22ರಂದು ತೀರಿಕೊಂಡರು. ಬೇಗಂಪೇಟೆಯಲ್ಲಿ ಅವರ ಸ್ಮಾರಕವಿದೆ. ಅದನ್ನು ಬೆಳೆಸಿದವರಲ್ಲಿ ಅವರ ಶಿಷ್ಯ ಪಿ. ವಿ. ನರಸಿಂಹರಾವ್ ಮುಖ್ಯರು. ನಾಂದೇಡದ ವಿಶ್ವವಿದ್ಯಾಲಯಕ್ಕೆ, ಅಂಬಾಜೋಗಾಯಿಯ ವೈದ್ಯಕೀಯ ಕಾಲೇಜಿಗೆ ಅವರ ಹೆಸರಿದೆ. ಮರಾಠಿ ಮತ್ತು ತೆಲುಗು ವಿದ್ವತ್ತು ಅವರನ್ನು ತಮ್ಮವರೆಂದು ಓದಿದೆ. ಕನ್ನಡಕ್ಕೂ ಅಂಥ ಓದಿಗೆ ಆಕರಗಳಿವೆ. ಸಿಂದಗಿಯಲ್ಲಿ ಹುಟ್ಟಿ ಕಲಬುರಗಿಯನ್ನು ಐದು ವರ್ಷ ಪ್ರತಿನಿಧಿಸಿದ ಈ ಸಂಸದರ ಲೋಕಸಭಾ ಭಾಷಣಗಳು ಮುದ್ರಿತ ನಡಾವಳಿಗಳಲ್ಲಿವೆ. 1967ರಲ್ಲಿ ಪ್ರಕಟವಾದ ಇಂಗ್ಲಿಷ್ ಆತ್ಮಕಥನವೂ ಇದೆ. ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಇವೆರಡನ್ನೂ ಎದುರುಬದುರಾಗಿಟ್ಟು ಓದುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.